ಕರ್ಪೂರ ಆರಿಸದ ಪೆದ್ದಮ್ಮ

ನನ್ನ ಅಕ್ಕ ಪೆದ್ದಮ್ಮನ ಮೇಲೆ ನನಗೆ ಕೋಪವಿದೆ. ಅವಳನ್ನು ಮೂಲೆಗೆ ತಳ್ಳಿದ ನಮ್ಮೂರಿನ ಮೇಲೆ ಅದಕ್ಕಿಂತ ಹೆಚ್ಚು ಕೋಪವಿದೆ. ಎರಡನ್ನೂ ನುಂಗಿಕೊಂಡು ಅವಳ ಕಥೆ ಹೇಳುವುದು ನನ್ನ ಕೈಲಾಗುವ ಕೆಲಸವಲ್ಲ.

ನಮ್ಮವ್ವ ಪಾವಗಡದ ಕಡೆಯವಳು. ಅಲ್ಲಿಯ ದೇವತೆಯ ಹೆಸರನ್ನೇ ಅಕ್ಕನಿಗೆ ಇಟ್ಟಳು. ಗಂಡ ತೀರಿಕೊಂಡ ಮೇಲೆ ಅಕ್ಕ ಪುರವರದ ಪಕ್ಕದ ನಮ್ಮೂರಿಗೇ ವಾಪಸು ಬಂದು, ಎರಡು ಸೀಮೆಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ ಬದುಕತೊಡಗಿದಳು. ಭಾನುವಾರ ಬಂತೆಂದರೆ ಮಧುಗಿರಿಯ ಕ್ರೈಸ್ತ ಸಭೆಯ ಪ್ರಾರ್ಥನೆಗೆ ಹೋಗುತ್ತಿದ್ದಳು. ದೀಕ್ಷಾಸ್ನಾನದ ದಿನ ಪಾಸ್ಟರ್ ಅಂಜನ್ ಕುಮಾರ್ ಅವಳಿಗೆ ಸಾರಾ ಅಂತ ಹೆಸರಿಡೋಣ ಎಂದರಂತೆ. "ಊರೆಲ್ಲ ಪೆದ್ದಮ್ಮ ಅಂತ ಕರೀವಾಗ ನಾನು ಸಾರಾ ಅಂದ್ಕೊಂಡ್ರೆ ಸುಳ್ಳಾಗಲ್ವಾ ಪಾಸ್ಟ್ರೇ?" ಎಂದು ಇವಳು ಬೇಡವೆಂದಳು.

ಈ ಸತ್ಯದ ಹುಚ್ಚು ಹಿಡಿದದ್ದು ಅಲ್ಲೇ. ಹೌದಾದರೆ ಹೌದು ಅನ್ನಬೇಕು, ಇಲ್ಲವಾದರೆ ಇಲ್ಲ ಅನ್ನಬೇಕು, ಆಣೆ ಪ್ರಮಾಣ ಏನೂ ಕೂಡದು ಎಂದು ಯೇಸು ಹೇಳಿದ್ದಾನಂತೆ. ಉಳಿದವರು ಆಮೆನ್ ಅಂದು ಚಪ್ಪಲಿ ಮೆಟ್ಟಿ ಮನೆಗೆ ಹೋದರು. ಇವಳು ಆ ಮಾತನ್ನೂ ಮನೆಗೆ ತಂದಳು. ನನ್ನ ಹೆಂಡತಿ ಭವ್ಯ ಬೀಗರ ಮುಂದೆ "ಪಾಯಸ ಹೆಂಗೈತೆ ಅತ್ಗೆ?" ಎಂದರೆ "ತಳ ಹಿಡಿದೈತೆ" ಎಂದಳು. ಕರು ಒದ್ದು ಹಾಲಿಗೆ ನೀರು ಬಿದ್ದ ದಿನ ಡೇರಿಯಲ್ಲಿ ತಾನೇ ಹೇಳಿ ಕ್ಯಾನು ವಾಪಸು ತಂದಳು. ಜನ ನಕ್ಕರು. ನಗುವಷ್ಟು ದಿನ ಎಲ್ಲ ಸರಿಯಾಗಿಯೇ ಇತ್ತು.

ಡೇರಿಯ ಅಧ್ಯಕ್ಷ ಮೂಡಲಗಿರಿಯಪ್ಪ. ಅವನ ಮಗಳು ತೇಜಸ್ವಿನಿಗೆ ಶಿರಾದ ಕಡೆ ಗಂಡು ಗೊತ್ತಾಗಿತ್ತು. ಹುಡುಗಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆ, ಮಾತ್ರೆ ತಪ್ಪಿಸದಿದ್ದರೆ ಏನೂ ತೊಂದರೆಯಿಲ್ಲ. ಇದು ಊರಿಗೆಲ್ಲ ಗೊತ್ತು, ಗಂಡಿನ ಮನೆಯವರಿಗೆ ಮಾತ್ರ ಗೊತ್ತಿರಲಿಲ್ಲ. ಹೊರಗಿನವರ ಮುಂದೆ ಬಾಯಿ ಮುಚ್ಚಿಕೊಂಡಿರುವುದನ್ನೇ ನಮ್ಮೂರಲ್ಲಿ ಒಗ್ಗಟ್ಟು ಅನ್ನುತ್ತಾರೆ. ನಿಶ್ಚಿತಾರ್ಥಕ್ಕೆ ಸೀರೆ ತಂದಾಗಿತ್ತು. ಅಷ್ಟರಲ್ಲಿ ಗಂಡಿನವರು ಸಂಬಂಧ ಬೇಡವೆಂದರು. ಯಾರೋ ಫೋನ್ ಮಾಡಿ ಕಾಯಿಲೆಯ ವಿಷಯ ತಿಳಿಸಿದ್ದಾರೆ ಎಂದಷ್ಟೇ ಹೇಳಿದರು, ಯಾರೆಂದು ಬಾಯಿ ಬಿಡಲಿಲ್ಲ.

ಯಾರಿರಬಹುದು ಎಂದು ಊರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಊರಲ್ಲಿ ನಿಜ ಹೇಳುವವಳು ಒಬ್ಬಳೇ ಇದ್ದಾಳೆ, ಅಂದಮೇಲೆ ಹೇಳಿದವಳೂ ಅವಳೇ! ಇಂಥ ನ್ಯಾಯ ನಮ್ಮವರಿಗೇ ಹೊಳೆಯಬೇಕು.

ಮಾರಮ್ಮನ ಗುಡಿ ಮುಂದೆ ಎಲ್ಲರನ್ನೂ ಸೇರಿಸಿದರು. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ನಾನು ಹೇಳಿಲ್ಲ ಎಂದು ಪ್ರಮಾಣ ಮಾಡಬೇಕು. ಸುಳ್ಳಾದರೆ ಅಂಥವರ ಮನೆ ಉಳಿಯುವುದಿಲ್ಲ ಎಂಬ ಭಯ ಎಲ್ಲರಿಗೂ ಇದೆ. ನೆಪಕ್ಕೆಂದು ಬೀದಿಯ ಹೆಂಗಸರೂ ಒಬ್ಬೊಬ್ಬರೇ ಬಂದು ಆರಿಸಿದರು. ಅಕ್ಕ ಕೈಕಟ್ಟಿ ನಿಂತಳು. ನಾನು ಪಾಸ್ಟರಿಗೆ ಫೋನ್ ಹಚ್ಚಿ, ವಿಷಯ ಹೇಳಿ, ಅವಳ ಮುಂದೆ ಹಿಡಿದೆ. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು.

"ಅದು ಬರೀ ಕರ್ಪೂರ ಅಮ್ಮಾ, ಆರಿಸಿಬಿಡಿ. ಸಭೆಗೆ ಸುಮ್ನೆ ತೊಂದ್ರೆ ಬೇಡ."

"ನನಗೆ ಬರೀ ಕರ್ಪೂರ, ಇವ್ರಿಗೆ ಅಲ್ವಲ್ಲ ಪಾಸ್ಟ್ರೇ. ನಾನು ನಂಬ್ದೇ ಇರೋದ್ರ ಮೇಲೆ ಆಣೆ ಮಾಡಿದ್ರೆ ನಂಬಿರೋರ್ಗೆ ಮೋಸ ಮಾಡ್ದಂಗೆ ಆಯ್ತದೆ" ಎಂದು ಅಕ್ಕ ಫೋನನ್ನು ಪಕ್ಕಕ್ಕೆ ತಳ್ಳಿದಳು. ಆಮೇಲೆ ಜನರ ಕಡೆ ತಿರುಗಿ, "ನಾನು ಫೋನ್ ಮಾಡಿಲ್ಲ. ಇಲ್ಲ ಅಂದ್ರೆ ಇಲ್ಲ" ಎಂದಳು.

"ಗಂಡಿನೋರೇ ಬಂದು ಕೇಳಿದ್ರೆ ಹೇಳ್ತಿದ್ಯಾ?" ಎಂದ ಮೂಡಲಗಿರಿಯಪ್ಪ.

"ಕೇಳಿದ್ರೆ ಹೇಳ್ತಿದ್ದೆ."

ಅಲ್ಲಿಗೆ ಮುಗಿಯಿತು. ಮಾರನೆಯ ಬೆಳಿಗ್ಗೆ ಡೇರಿಯವನು ಹಾಲು ಪರೀಕ್ಷೆ ಮಾಡದೆಯೇ ಫ್ಯಾಟ್ ಕಮ್ಮಿ ಎಂದು ಕ್ಯಾನು ಪಕ್ಕಕ್ಕಿಟ್ಟ. ಅದರ ಮಾರನೆಯ ದಿನವೂ ಅದೇ ಮಾತು. ಅಕ್ಕ ಪುರವರದ ಹೋಟೆಲಿನವರ ಕೈಕಾಲು ಹಿಡಿದು ಅವರು ಕೊಂಡಷ್ಟು ಹಾಕಿದಳು, ಉಳಿದದ್ದು ಒಡೆದು ಹೋಯಿತು. ಹೀಗೇ ನಡೆದರೆ ಹಸು ಮಾರಬೇಕು, ಹಸು ಹೋದರೆ ಅವಳಿಗೆ ಈ ಊರಲ್ಲಿ ಅನ್ನವಿಲ್ಲ. ಅವಳನ್ನು ಕಂಡರೆ ಹೆಂಗಸರು ನಲ್ಲಿಯ ಹತ್ತಿರದಿಂದ ಬಿಂದಿಗೆ ಎತ್ತಿಕೊಂಡು ಹೋಗುತ್ತಿದ್ದರು. ಮುಂದಿನ ಭಾನುವಾರ ಪಾಸ್ಟರು ಕೂಡ ಸ್ವಲ್ಪ ದಿನ ಪ್ರಾರ್ಥನೆಗೆ ಬರಬೇಡಿ ಎಂದರು. ಅವರ ಉಪದೇಶದ ವಿಷಯ ಆ ವಾರ ಸತ್ಯವೇ ಆಗಿತ್ತಂತೆ, ನಾಚಿಕೆಗೇಡು.

"ಒಂದ್ಸಲ ಕೈ ಇಟ್ಬುಟ್ಟು ಬಾರಕ್ಕ, ನಿನ್ ಗಂಟೇನು ಹೋಯ್ತದೆ?" ಎಂದು ನಾನು ಕೂಗಾಡಿದೆ.

"ಸುಮ್ಕಿರ್ಲಾ ಹಾಲೇಶ" ಎಂದಳು. ಏನೋ ಬಚ್ಚಿಟ್ಟುಕೊಂಡಿದ್ದಾಳೆ ಎಂದು ಆಗಲೇ ನನಗೆ ಅನ್ನಿಸಿತ್ತು.

ಮರುದಿನ ನಾನೂ ಅವಳ ಜೊತೆ ಡೇರಿಗೆ ಹೋದೆ, ಜಗಳ ಆಡಿಯೇ ಬರೋಣವೆಂದು. ಸಾಲಿನಲ್ಲಿ ತೇಜಸ್ವಿನಿ ತನ್ನ ಮನೆಯ ಹಾಲು ಹಿಡಿದು ನಿಂತಿದ್ದಳು. ಅವಳಪ್ಪ ಮೇಜಿನ ಹಿಂದೆ ಕೂತಿದ್ದ. ಅಕ್ಕನ ಕ್ಯಾನು ಮತ್ತೆ ಪಕ್ಕಕ್ಕೆ ಹೋಯಿತು. ನಾನು ಬಾಯಿ ತೆಗೆಯುವ ಮೊದಲೇ ಆ ಹುಡುಗಿ ಮುಂದೆ ಬಂದಳು.

"ಅಪ್ಪಾ, ಪೆದ್ದಕ್ಕನ ಹಾಲು ತಗೊಳ್ಳಿ. ಫೋನ್ ಮಾಡಿದ್ದು ನಾನು."

ಹಾಲು ಅಳೆಯುತ್ತಿದ್ದವನ ಕೈ ನಿಂತಿತು. ಮೂಡಲಗಿರಿಯಪ್ಪನ ಮುಖ ಕಪ್ಪಿಟ್ಟಿತು. ಎದ್ದು ನಿಂತು, "ಯಾರ್ ಹೇಳ್ಕೊಟ್ರು ನಿಂಗೆ ಇದ್ನ?" ಎಂದ.

"ಯಾರೂ ಇಲ್ಲ" ಎಂದಳು ತೇಜಸ್ವಿನಿ.

ಅಷ್ಟಕ್ಕೇ ಬಿಟ್ಟಿದ್ದರೆ ನಮ್ಮಕ್ಕ ಅಂದೇ ಗೆದ್ದುಬಿಡುತ್ತಿದ್ದಳು. ಹಾಲು ಡೇರಿಗೆ ಹೋಗುತ್ತಿತ್ತು, ಮರ್ಯಾದೆ ಬರುತ್ತಿತ್ತು. ಅವಳು ಬಿಡಬೇಕಲ್ಲ!

"ನಂಗೋಸ್ಕರ ಸುಳ್ಳು ಹೇಳ್ಬ್ಯಾಡ ಮಗಾ" ಎಂದಳು. "ಗಂಡಿನೋರ್ಗೆ ಹೇಳ್ಲೋ ಬ್ಯಾಡ್ವೋ ಅಂತ ನನ್ ಕೇಳಿದ್ಲು, ಮೂಡಲಗಿರಿಯಪ್ಪ. ಹೇಳ್ಬುಡು ಅಂದೆ."

ನಾನು ತಲೆ ಚಚ್ಚಿಕೊಂಡೆ. ಮೂಡಲಗಿರಿಯಪ್ಪ ಕ್ಯಾನಿಗೆ ಒದ್ದ. ಹಾಲು ಸಿಮೆಂಟಿನ ಮೇಲೆ ಹರಿದು ಚರಂಡಿ ಸೇರಿತು. "ಗುಡಿ ಮುಂದೆ ಯಾಕ್ ಬೊಗಳ್ಲಿಲ್ಲ ಇದ್ನ?" ಎಂದು ಅಬ್ಬರಿಸಿದ.

"ಫೋನ್ ಮಾಡ್ದೋಳು ನೀನಾ ಅಂತ ಕೇಳ್ದೆ ನೀನು, ಅಲ್ಲ ಅಂದೆ ನಾನು. ಅವಳ ಗುಟ್ಟು ಅವಳೇ ಹೇಳ್ಬೇಕಿತ್ತು." ಅಕ್ಕನಿಗೂ ಈಗ ಸಿಟ್ಟು ನೆತ್ತಿಗೇರಿತ್ತು. "ಊರ್ಗೆಲ್ಲ ಕರ್ಪೂರ ಹಿಡಿದ್ಯಲ್ಲ, ನಿನ್ ಮಗಳನ್ನ ಒಂದ್ ಮಾತು ಕೇಳಿದ್ಯಾ? ಆ ಗಂಡು ಬ್ಯಾಡ ಅನ್ನೋಕೆ ದಾರಿ ಕಾಣ್ದೆ ಮಗು ಒಳಗೊಳಗೇ ಸಾಯ್ತಿತ್ತು. ಆ ಮದ್ವೆ ಬೇಕಾ ಅಂತ ಕೇಳಿದ್ಯಾ?"

ಮೂಡಲಗಿರಿಯಪ್ಪ ಮಗಳ ಕಡೆ ತಿರುಗಿ, "ಬೇಕಿತ್ತಾ ನಿಂಗೆ?" ಎಂದ.

ತೇಜಸ್ವಿನಿ ಅಪ್ಪನನ್ನು ನೋಡಲಿಲ್ಲ, ಅಕ್ಕನನ್ನು ನೋಡಿದಳು.

"ಬೇಕಿತ್ತು ಪೆದ್ದಕ್ಕ. ಹುಡ್ಗ ನಂಗೆ ಇಷ್ಟ ಆಗಿದ್ದ, ಅದಕ್ಕೇ ಹೇಳ್ಬೇಕು ಅನ್ನಿಸ್ತು. ನಿಜ ತಿಳಿದ್ರೂ ಬರ್ತಾನೆ ಅಂದ್ಕೊಂಡಿದ್ದೆ."

ಎಲ್ಲದಕ್ಕೂ ಹೌದು ಇಲ್ಲ ಎರಡರಲ್ಲಿ ಉತ್ತರ ಇಟ್ಟುಕೊಂಡಿದ್ದ ನಮ್ಮಕ್ಕ ಆ ಮದುವೆ ಬೇಕಾ ಎಂದು ತಾನೂ ಕೇಳಿರಲಿಲ್ಲವೆಂದು ಆಗ ಹೊಳೆದು, ಚೆಲ್ಲಿದ ಹಾಲಿನ ಮೇಲೆಯೇ ಕುಳಿತುಬಿಟ್ಟಳು.