ಮೌಶಿಯ ಅರ್ಧ ಕ್ಯಾಸೆಟ್

ಕೋಥರೂಡ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ಕನ್ನಡದ ಸಂಗೀತಪ್ರಿಯರು ಕೂಡುತ್ತಾರೆ. ಹೆಸರಾದ ಗಾಯಕರನ್ನು ಅಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಹತ್ತು ಕ್ಯಾಸೆಟ್ ಬಿಟ್ಟುಹೋದವರು ಅವರ ಪಾಲಿಗೆ ಬಜಾರಿನವರು. ಒಂದೇ ಒಂದು ಬಿಟ್ಟುಹೋದವರು ಸಾಕ್ಷಾತ್ ದೇವರು. ಆ ಲೆಕ್ಕದಲ್ಲಿ ನನ್ನ ತಾಯಿಯ ತಂಗಿ, ಅಂದರೆ ನಮ್ಮ ಮೌಶಿ, ಬದುಕಿರುವಾಗಲೇ ದೇವರಾಗಿಬಿಟ್ಟಿದ್ದಾಳೆ.

ಅವಳ ಹಾಡಿಕೆ ಇರುವುದು ಒಂದೇ ಕ್ಯಾಸೆಟ್ಟಿನಲ್ಲಿ. ಮದುವೆಯಾದ ಹೊಸತರಲ್ಲಿ ಮನೆಯಲ್ಲೇ ಯಾರೋ ಹಿಡಿದದ್ದು. ನಿಧಾನದ ಭಾಗ ಮುಗಿಸಿ ದ್ರುತಕ್ಕೆ ಕೈ ಹಾಕುವಷ್ಟರಲ್ಲಿ ಟೇಪು ಮುಗಿದಿತ್ತು. ಆಮೇಲೆ ಸಂಸಾರ, ಮಕ್ಕಳು. ಮತ್ತೆ ಯಾರೂ ಯಂತ್ರ ತರಲಿಲ್ಲ. ಆ ದ್ರುತವನ್ನು ಒಮ್ಮೆ ಪೂರ್ತಿ ಹಿಡಿದಿಡಬೇಕೆಂಬ ಆಸೆ ಮಾತ್ರ ಅವಳಿಗೆ ಹೋಗಲೇ ಇಲ್ಲ. ನಾನು ಫೋನು ತೋರಿಸಿದರೆ ಬೈಯುತ್ತಿದ್ದಳು: "ತಬಲಾ ಇಲ್ಲ, ಕೇಳೋರಿಲ್ಲ. ಒಗ್ಗರಣಿ ಮುಂದ ನಿಂತು ಹಾಡಲೇನು?"

ಕಳೆದ ವರ್ಷ ಕೂಟದವರು ಅವಳನ್ನು ಸನ್ಮಾನಕ್ಕೆ ಕರೆದರು. ತಬಲಾದವನೂ ಬರುತ್ತಾನೆಂದು ಕೇಳಿ ಮೌಶಿ ವಾರವಿಡೀ ರಿಯಾಜು ಮಾಡಿದಳು. ನಾವಿಬ್ಬರೂ ಹೋದರೆ ಬಾಗಿಲಲ್ಲೇ ಎಲ್ಲರ ಫೋನು ಇಸಿದುಕೊಂಡು, ಸ್ಟೀಲಿನ ಡಬ್ಬಿಗೆ ಹಾಕಿ, ಕಪಾಟಿನಲ್ಲಿಟ್ಟು ಬೀಗ ಜಡಿದರು. ಅಪರೂಪದ ಕ್ಯಾಸೆಟ್ಟನ್ನು ಯಾರೂ ಕದ್ದು ನಕಲು ಮಾಡಬಾರದಂತೆ.

ಶಾಲು, ತೆಂಗಿನಕಾಯಿ ಮುಗಿದ ಮೇಲೆ ಮೌಶಿಯ ಆ ಕ್ಯಾಸೆಟ್ ಹಚ್ಚಿದರು. ಎಲ್ಲರೂ ಕಣ್ಣು ಮುಚ್ಚಿದರು. ನಡುವೆ ಟೇಪಿನೊಳಗಿನ ಕುಕ್ಕರು ಸೀಟಿ ಹೊಡೆದಾಗಲೂ ತಲೆದೂಗಿದರು. ಹಾಡು ಕಟ್ಟಾದ ಕೂಡಲೇ ಅಧ್ಯಕ್ಷರು, ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು, ಕಣ್ಣೊರೆಸಿಕೊಂಡರು.

"ಎಂಥಾ ವೈರಾಗ್ಯ ನೋಡ್ರಿ! ದ್ರುತಾನೂ ಬಿಟ್ಟುಕೊಟ್ಟಾರ."

"ಬಿಟ್ಟಿಲ್ರಿ, ಟೇಪ್ ಮುಗೀತು" ಎಂದಳು ಮೌಶಿ. "ಉಳದದ್ದು ಈಗ ಹಾಡ್ತೀನಿ, ಹಿಡಕೋರಿ."

ಸಭೆಗೆ ಸಭೆಯೇ ಗಾಬರಿಯಾಯಿತು. "ಬ್ಯಾಡ್ರಿ ಬಾಯಾರ" ಎಂದರು ಅಧ್ಯಕ್ಷರು. "ನಿಮ್ಮ ಗಾಯನ ಉಳದಿದ್ದು ಇಷ್ಟ. ಅದರ ಪಾವಿತ್ರ್ಯ ಕೆಡ್ತದ."

"ನಾ ಇನ್ನೂ ಉಳದೀನಲ್ರಿ!"

ಅಪ್ಪಣೆಗೆ ಕಾಯದೆ ಹಾಡಿಯೇಬಿಟ್ಟಳು. ತಬಲಾದವನು ದಡಬಡಿಸಿ ಹಿಂದೆ ಓಡಿದ. ದನಿ ಒಂದೆರಡು ಕಡೆ ಒಡೆಯಿತು. ಆದರೂ ಆ ತಾನುಗಳಿಗೆ ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಇಲ್ಲದ ಫೋನಿಗಾಗಿ ಕೈ ಚೀಲ ತಡಕುತ್ತಲೇ ಇತ್ತು. ಕಪಾಟಿನ ಬೀಗದ ಕೈ ಅಧ್ಯಕ್ಷರ ಜೇಬಿನಲ್ಲಿತ್ತು, ಅವರೋ ಮತ್ತೆ ಕಣ್ಣು ಮುಚ್ಚಿ ಕೂತಿದ್ದರು.

ಮರುದಿನ ಮೌಶಿಯ ಗಂಟಲು ಕಟ್ಟಿತು. ಕಷಾಯ ಆಯಿತು, ಡಾಕ್ಟರರೂ ಆದರು. ದನಿ ಆ ಎತ್ತರಕ್ಕೆ ಮತ್ತೆ ಏರಲಿಲ್ಲ.

ಕೂಟದವರು ಈಗ ಕ್ಯಾಸೆಟ್ಟಿನ ಮಾತನ್ನೇ ಎತ್ತುವುದಿಲ್ಲ. ಬಂದವರಿಗೆಲ್ಲ ತಿನ್ನಲು ಬಾಕರವಡಿ ಕೊಟ್ಟು, "ಆ ದ್ರುತ ನಾವು ಕೇಳೇವ್ರಿ, ಅದರ ರೆಕಾರ್ಡಿಂಗ್ ಜಗತ್ತಿನ್ಯಾಗ ಎಲ್ಲೂ ಇಲ್ಲ!" ಎಂದು ಎದೆಯುಬ್ಬಿಸುತ್ತಾರೆ. ಇದನ್ನು ಹೋಗಿ ಮೌಶಿಗೆ ಹೇಳಿದೆ. ಅವಳು ಬಿಸಿನೀರು ಗುಟುಕರಿಸಿ ಲೋಟ ಕೆಳಗಿಟ್ಟಳು.

"ಇನ್ನ ನಾ ಒಮ್ಮೆ ಸತ್ತಬಿಟ್ರ" ಎಂದಳು, "ಅವರಿಗೆ ಭಾಳ ಚಲೋ ಆಗ್ತದ, ಅಲ್ಲೇನು?"