ಪಕ್ಕದ ಮನೆಯ ಅಕ್ಕನ ಹಲ್ಲು

ಎಪ್ಪತ್ತರ ದಶಕದಲ್ಲಿ ತರೀಕೆರೆಯ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನನಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ಹುರಿದ ಹುರುಳಿಯನ್ನು ಕಟಕಟನೆ ಅಗಿಯುತ್ತಿದ್ದರು. ಕಾಫಿ, ಬನ್ನಿನಲ್ಲೇ ದಿನ ಕಳೆಯುತ್ತಿದ್ದ ನನಗೆ ಮೂವತ್ತಕ್ಕೇ ವಸಡಿನಲ್ಲಿ ರಕ್ತ. ಅಕ್ಕ ನಕ್ಕರೆ ನನ್ನ ಗಂಡನೂ ನೋಡುತ್ತಿದ್ದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

“ಸೊಪ್ಪು ತಿನ್ನು ಕಣೇ, ನೆಲ್ಲಿಕಾಯಿ ತಿನ್ನು ಕಣೇ,” ಎಂದು ಅಕ್ಕ ದಿನವೂ ಹೇಳುತ್ತಿದ್ದರು. ಒಮ್ಮೆ ಅವರು ಕೊಟ್ಟ ನೆಲ್ಲಿಕಾಯಿಗಳನ್ನು ಹೊಟ್ಟೆಕಿಚ್ಚಿನಿಂದ ಹಿತ್ತಲಿಗೆಸೆದೆ. ಅಕ್ಕ ಅದನ್ನು ಕಂಡುಬಿಟ್ಟರು.

ಮರುದಿನ ಹೆಚ್ಚಿದ ನೆಲ್ಲಿಕಾಯಿಗೆ ಉಪ್ಪು ಹಚ್ಚಿ ತಂದರು. “ಸಿಟ್ಟು ನನ್ ಮೇಲಿರ್ಲಿ, ಇದನ್ನ ತಿನ್ನು. ನಮ್ಮವ್ವ ನಲವತ್ತಕ್ಕೇ ಬೊಚ್ಚುಬಾಯಿ ಆಗಿದ್ಲು ಕಣೇ. ಅದ್ನ ನೋಡಿ ನಾನು ಕಲ್ತೆ.”

ವಸಡು ಉರಿಯುತ್ತಿದ್ದರೂ ಅವರೆದುರೇ ತಿಂದೆ. ಆಮೇಲೆ ದಿನವೂ ತಿಂದೆ, ಸೊಪ್ಪನ್ನೂ ರೂಢಿಸಿಕೊಂಡೆ. ಆ ಚಳಿಗಾಲ ಮುಗಿಯುವ ಹೊತ್ತಿಗೆ ರಕ್ತ ನಿಂತಿತ್ತು. ಅದನ್ನು ಅಕ್ಕನಿಗೆ ಬಾಯಿಬಿಟ್ಟು ಹೇಳಲು ಮಾತ್ರ ನನಗೆ ಇನ್ನೆರಡು ವರ್ಷ ಬೇಕಾಯಿತು.