ಬಾಯಿಪಾಠದ ನಂಬರು

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ಮಗ್ಗಿ ಹೇಳುವುದು ಕೇಳಿಸಿತು. ಈಗಲೂ ಮಗ್ಗಿ ಹೇಳಿಸುವವರಿದ್ದಾರಲ್ಲ ಎಂದು ಖುಷಿಪಟ್ಟೆ. ಮರುಗಳಿಗೆಯೇ ಅಕ್ಕನ ಮಗಳು ಕಾವ್ಯ ನೆನಪಾದಳು.

ತೊಂಬತ್ತರ ದಶಕದಲ್ಲಿ ನಾವೆಲ್ಲ ಯಾದವಗಿರಿಯ ಬಾಡಿಗೆ ಮನೆಯಲ್ಲಿ ಒಟ್ಟಿಗಿದ್ದೆವು. ಫೋನು ಬಂದದ್ದೇ ತಡ, ಅಮ್ಮ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿ, ಮೊಮ್ಮಗಳ ಸಂಜೆಯ ಬಾಯಿಪಾಠಕ್ಕೆ ಅದರ ನಂಬರನ್ನೂ ಸೇರಿಸಿದಳು. ಮಗ್ಗಿ, ವಾರ, ನಕ್ಷತ್ರ, ಆಮೇಲೆ ಫೋನ್ ನಂಬರು. ಎಲ್ಲಕ್ಕೂ ಒಂದೇ ರಾಗ. ಐದು ವರ್ಷದ ಕಾವ್ಯ ನೆಂಟರಿಷ್ಟರ ನಂಬರುಗಳನ್ನೂ ಹೀಗೇ ಒಪ್ಪಿಸುತ್ತಿದ್ದಳು. ನನಗೆ ಡೈರೆಕ್ಟರಿ ತೆಗೆಯುವ ಕಷ್ಟ ತಪ್ಪಿತು. ಸೋಮಾರಿಗೆ ಇನ್ನೇನು ಬೇಕು ಹೇಳಿ?

ಆಮೇಲೆ ಅಕ್ಕ ವಿದ್ಯಾರಣ್ಯಪುರಂನಲ್ಲಿ ಮನೆ ಮಾಡಿದಳು. ಕಾವ್ಯ ಕಾಲೇಜು ಸೇರಿದಳು, ಕೈಗೆ ಮೊಬೈಲ್ ಬಂತು. ಊಟದ ತಟ್ಟೆಯ ಪಕ್ಕ ಅದೇ, ದಿಂಬಿನ ಕೆಳಗೂ ಅದೇ. ನನ್ನ ಹತ್ತಿರ ಆಗ ಮೊಬೈಲಿರಲಿಲ್ಲ; ಭಾವನ ಹತ್ತಿರ ಮಾತಾಡಬೇಕಾದರೆ ನಾನೂ ಅವಳಿಗೇ ಹೇಳುತ್ತಿದ್ದೆ, ಅವಳು ಒತ್ತಿ ಕೊಡುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕನಿಗೆ ಜ್ವರ ನೆತ್ತಿಗೇರಿ ಮಾತೇ ನಿಂತುಹೋಯಿತು. ನಾನೂ ಕಾವ್ಯಳೂ ಆಟೋದಲ್ಲಿ ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ಹಿಂದೊಮ್ಮೆ ಯಾವುದೋ ಇಂಜೆಕ್ಷನ್ ಒಗ್ಗದೆ ಅಕ್ಕ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಳು. ಅದರ ಹೆಸರು ಗೊತ್ತಿದ್ದದ್ದು ಭಾವನಿಗೆ ಮಾತ್ರ; ಅವರೋ ಕೆಲಸದ ಮೇಲೆ ಊರಾಚೆ ಹೋಗಿದ್ದರು.

"ಬೇಗ ಕೇಳಿ ಹೇಳಿ, ತುಂಬಾ ಹೊತ್ತು ಕಾಯಕ್ಕಾಗಲ್ಲ," ಎಂದರು ಡಾಕ್ಟರು.

ಗಾಬರಿಯಲ್ಲಿ ಕಾವ್ಯಳ ಮೊಬೈಲು ಮನೆಯಲ್ಲೇ ಉಳಿದಿತ್ತು. ಬಾಗಿಲ ಬಳಿಯ ಕಾಯಿನ್ ಫೋನಿಗೆ ನಾಣ್ಯ ಹಾಕಿದ ಕಾವ್ಯ ಗುಂಡಿಗಳನ್ನೇ ನೋಡುತ್ತ ನಿಂತಳು.

"ಒತ್ತೇ," ಎಂದೆ.

"ಅಪ್ಪ ಅಂತ ಒತ್ತಿದ್ರೆ ಹೋಗ್ಬುಡೋದು ಚಿಕ್ಕಮ್ಮ. ನಂಬರ್ ಯಾವತ್ತೂ ನೋಡೇ ಇಲ್ಲ."

ಇದ್ದಕ್ಕಿದ್ದಂತೆ ಅವಳ ತುಟಿ ಅಲುಗಿತು, ಬೆರಳು ಸರಸರ ಓಡಿತು. ಬದುಕಿದೆವು ಎಂದುಕೊಂಡು ರಿಸೀವರ್ ಕಸಿದು ಕಿವಿಗಿಟ್ಟೆ. ಈ ನಂಬರು ಬಳಕೆಯಲ್ಲಿಲ್ಲ ಎನ್ನುತ್ತಿತ್ತು ಒಂದು ಹೆಣ್ಣುದನಿ. ಅವಳು ಒತ್ತಿದ್ದು, ನಾವು ಎಂದೋ ಬಿಟ್ಟುಬಂದ ಯಾದವಗಿರಿ ಮನೆಯ ನಂಬರನ್ನು. ಅಜ್ಜಿ ಕಲಿಸಿದ್ದು ಒಂದಂಕಿಯೂ ತಪ್ಪದೆ ಉಳಿದಿತ್ತು. ಆಮೇಲಿನದು ಏನೂ ಇರಲಿಲ್ಲ. ಬೈಯೋಣವೆಂದರೆ ನನಗೆ ತಾನೇ ಎಲ್ಲಿ ಗೊತ್ತಿತ್ತು?

ಆಟೋ ಹತ್ತಿ ಮನೆಗೆ ಹೋಗಿ ಮೊಬೈಲ್ ತಂದೆ. ಭಾವ ಇಂಜೆಕ್ಷನ್ನಿನ ಹೆಸರು ಹೇಳಿದರು. ಅದನ್ನು ಕೇಳಿದ ಡಾಕ್ಟರು, ತುಂಬಿಸಿಟ್ಟಿದ್ದ ಸಿರಿಂಜನ್ನು ಬುಟ್ಟಿಗೆ ಹಾಕಿದರು.

ಅಕ್ಕ ಉಳಿದಳು. ಅಂದಿನಿಂದ ಹತ್ತಿರದವರ ನಂಬರನ್ನೆಲ್ಲ ನಾನು ಅಮ್ಮನ ರಾಗದಲ್ಲೇ ಉರು ಹೊಡೆದಿದ್ದೇನೆ. ಅಷ್ಟೆಲ್ಲ ಕಂಡ ಕಾವ್ಯಳಂತೂ ಕಲಿಯದೆ ಇರಲಾರಳು ಎಂದುಕೊಂಡು ಈಗಷ್ಟೇ ಅವಳಿಗೆ ಫೋನ್ ಮಾಡಿದೆ.

"ನಿಮ್ಮಪ್ಪನ ನಂಬರ್ ಹೇಳೇ."

"ಒಂದ್ನಿಮಿಷ ಇರಿ ಚಿಕ್ಕಮ್ಮ, ನೋಡಿ ಹೇಳ್ತೀನಿ."